ಎರಡು ಕೆಜಿ ನಾನೂರು ಗ್ರಾಂ

ಕೂಸು ಹುಟ್ಟಿ ಇನ್ನೂ ಒಂದು ಗಂಟೆ ಆಗಿರಲಿಲ್ಲ, ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು. ಹೆಣ್ಣೋ ಗಂಡೋ ಎನ್ನುವುದು ಮೊದಲ ಪ್ರಶ್ನೆ. ಎರಡನೆಯದೂ ಎಲ್ಲರ ಬಾಯಲ್ಲಿ ಒಂದೇ: "ತೂಕ ಎಷ್ಟಿದೆ?" ಎರಡು ನಾನೂರು ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಇರಲಿ ಬಿಡಿ, ಬಾಣಂತನದಲ್ಲಿ ಎಲ್ಲ ಸರಿಹೋಗತ್ತೆ" ಅಂತ ಸಮಾಧಾನ. ಬೀಗಿತ್ತಿಯವರು, "ನಮ್ಮ ಮನೇಲಿ ಮೂರು ಕೆಜಿಗಿಂತ ಕಮ್ಮಿ ಯಾರೂ ಹುಟ್ಟಿಲ್ಲ" ಅಂದುಬಿಟ್ಟರು. ಅವರಿಗೆ ಕೊಂಕು ಆಡುವ ಸ್ವಭಾವವಿಲ್ಲ, ಗಾಬರಿಯಲ್ಲಿ ಬಂದ ಮಾತು ಅದು. ಸ್ಪೀಕರಿನಲ್ಲಿದ್ದ ಆ ಮಾತು ಹಾಸಿಗೆಯಲ್ಲಿ ಮಲಗಿದ್ದ ಮಗಳ ಕಿವಿಗೂ ಬಿತ್ತು. ಅವಳು ಗೋಡೆ ಕಡೆ ಮುಖ ತಿರುಗಿಸಿದಳು.

ಮೂರನೇ ದಿನ ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಗೆ ಬಂದೆವು. ಶಾರದಾವಿಲಾಸ ಕಾಲೇಜಿಗೆ ಹತ್ತಿರದ ಅಡ್ಡರಸ್ತೆಯಲ್ಲಿ ಹಳೇ ಹೆಂಚಿನ ಮನೆ ನಮ್ಮದು. ಹೊಸ್ತಿಲಲ್ಲಿ ಆರತಿ ಎತ್ತಿದವರು ನನ್ನ ಅಮ್ಮ, ಅವರಿಗೀಗ 84. ಅವರ ಮಗಳು ನಾನು, ನನ್ನ ಮಗಳು, ಅವಳ ಮಗಳು. ನಾಲ್ಕು ತಲೆಮಾರಿನ ಹೆಣ್ಣುಮಕ್ಕಳು ಒಂದೇ ಸೂರಿನ ಕೆಳಗೆ ಸೇರಿದ ಸಂಭ್ರಮ ಸಂಜೆಯವರೆಗೂ ಉಳಿಯಲಿಲ್ಲ. ಅಳಿಯ ತರಿಸಿದ್ದ ಹೊಸ ಡಿಜಿಟಲ್ ತಕ್ಕಡಿಯ ಮೇಲೆ ಕೂಸನ್ನು ಮಲಗಿಸಿದಾಗ ಅದು ತೋರಿಸಿದ್ದು 2,230. ಹುಟ್ಟಿದಾಗ ಇದ್ದುದಕ್ಕಿಂತ 170 ಗ್ರಾಂ ಕಡಿಮೆ.

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಹುಟ್ಟಿದ ಮಗು ಮೊದಲ ದಿನಗಳಲ್ಲಿ ಇಳಿದೇ ಇಳಿಯುತ್ತದೆ ಅಂತ ಗೊತ್ತು. ಒಂಬತ್ತು ತಿಂಗಳು ನೀರಿನೊಳಗಿದ್ದ ಜೀವ ಹೊರಗೆ ಬಂದ ಮೇಲೆ ಮೈಯಲ್ಲಿದ್ದ ಹೆಚ್ಚಿನ ನೀರನ್ನು ಬಿಡುತ್ತದೆ, ಕಪ್ಪು ಮಲ ಹೋಗುತ್ತದೆ, ತಾಯಿಗೆ ಹಾಲು ಸರಿಯಾಗಿ ಇಳಿಯಲು ಎರಡು ಮೂರು ದಿನ ಹಿಡಿಯುತ್ತದೆ. ನೂರಕ್ಕೆ ಏಳರಷ್ಟು ಇಳಿಯುವುದು ಸಾಮಾನ್ಯ. ಹತ್ತರ ಹತ್ತಿರ ಹೋದರೆ ಮಾತ್ರ ಮೊಲೆ ಸರಿಯಾಗಿ ಕಚ್ಚುತ್ತಿದೆಯೇ, ಎಷ್ಟು ಸಲ ಉಚ್ಚೆ ಹೊಯ್ಯುತ್ತಿದೆ ಅಂತ ವೈದ್ಯರು ವಿಚಾರಿಸುತ್ತಾರೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ಕಳಕೊಂಡದ್ದೆಲ್ಲ ವಾಪಸ್ ಬರುತ್ತದೆ. 2,400ರಲ್ಲಿ 170 ಅಂದರೆ ನೂರಕ್ಕೆ ಏಳು, ಲೆಕ್ಕಕ್ಕೆ ಸರಿಯಾಗಿತ್ತು. ಇಷ್ಟೆಲ್ಲ ಗೊತ್ತಿದ್ದೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಬೀರುವಿನ ತಳದಿಂದ ಒಂದು ಬಟ್ಟೆ ಗಂಟು ತೆಗೆದರು. ಒಳಗೆ ಕರ್ರಗಾಗಿದ್ದ ಬೆಳ್ಳಿಯ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬಟ್ಟಲು, ಒಂದು ಕಡೆ ಕೊಕ್ಕಿನಂತೆ ಚಾಚಿದ ತುದಿ. ಹುಣಸೆಹಣ್ಣು ಹಾಕಿ ಉಜ್ಜಿದರು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರು. ಮಗಳು ಹಿಂಡಿಕೊಟ್ಟ ಹಾಲನ್ನು ಅದರಲ್ಲಿ ಹಾಕಿ, ಕೂಸನ್ನು ತೊಡೆಯ ಮೇಲೆ ಸ್ವಲ್ಪ ಎತ್ತರಕ್ಕೆ ಕೂರಿಸಿಕೊಂಡು, ತುದಿಯನ್ನು ತುಟಿಯ ಮೂಲೆಗೆ ಇಟ್ಟು, ಹನಿ ಹನಿಯಾಗಿ ಬಾಗಿಸಿದರು. ಕೂಸು ನುಂಗಿದ ಮೇಲೆ ಇನ್ನೊಂದು ಹನಿ. ಅವಸರವಿಲ್ಲ. ಚೀಪಲು ಬಲ ಸಾಲದ ಸಣ್ಣ ಕೂಸುಗಳಿಗೆ ತಾಯಿಹಾಲು ಕುಡಿಸಲು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ನವಜಾತ ಘಟಕಗಳಲ್ಲೂ ಇದೇ ಪಾತ್ರೆ, ಸ್ಟೀಲಿನದ್ದು, ದಿನಾ ಬಳಕೆಯಲ್ಲಿದೆ. ಸೀಸೆಯ ರಬ್ಬರು ಮೊಲೆಗಿಂತ ಇದನ್ನು ತೊಳೆಯುವುದು ಸುಲಭ, ಮಗುವಿಗೆ ತಾಯಿಯ ಮೊಲೆ ಮರೆತುಹೋಗುವ ಭಯವೂ ಕಡಿಮೆ. ಅಮ್ಮನ ಕೈ ನಡುಗುತ್ತದೆ, ಕಾಫಿ ಲೋಟ ಹಿಡಿದರೂ ತುಳುಕುತ್ತದೆ. ಒಳಲೆ ಹಿಡಿದಾಗ ಒಂದು ಹನಿಯೂ ಆಚೀಚೆ ಆಗಲಿಲ್ಲ.

ಹನ್ನೆರಡನೇ ದಿನ ತಕ್ಕಡಿ 2,420 ತೋರಿಸಿತು. ಅಳಿಯ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ. ಮನೆಯವರ ಗಾಬರಿ ಇಳಿದ ಮೇಲೆ ನನ್ನ ತಲೆಯಲ್ಲಿ ಉಳಿದುಕೊಂಡಿದ್ದು ಬೇರೆಯೇ ಪ್ರಶ್ನೆ. ಒಂದು ಕೂಸಿನ ಹುಟ್ಟುತೂಕ ಯಾರ ತೂಕ? ಅದರಲ್ಲಿ ಕೂಸಿನದೆಷ್ಟು, ತಾಯಿಯದೆಷ್ಟು, ಅಜ್ಜಿಯದೆಷ್ಟು?

ಈ ಪ್ರಶ್ನೆಗೆ ಜಗತ್ತಿನ ವಿಜ್ಞಾನಿಗಳು ಉತ್ತರ ಹುಡುಕಿಕೊಂಡು ಬಂದಿದ್ದು ನಮ್ಮ ಊರಿಗೇ.

ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಮೈಸೂರಿಗರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಹೆಂಗಸರು ಮಕ್ಕಳಿಗೆಂದು ಶುರುವಾದದ್ದು. 1934ರಿಂದ ಅಲ್ಲಿ ಆದ ಹೆರಿಗೆಗಳ ವಿವರ ಬರೆದಿಟ್ಟ ಕಡತಗಳು ಉಳಿದುಬಂದವು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ. ಜೊತೆಗೆ ತಾಯಿಯ ತೂಕ ಮತ್ತು ಅವಳ ಸೊಂಟದ ಮೂಳೆಗಳ ಅಗಲ. ಆ ಕಾಲಕ್ಕೆ ನಮ್ಮ ಹೆಚ್ಚಿನ ಮನೆಗಳಲ್ಲಿ ಹೆರಿಗೆ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲೇ ಆಗುತ್ತಿತ್ತು, ಸೂಲಗಿತ್ತಿ ಕೈಯಲ್ಲಿ. ತೂಕದ ಮಾತು ದೂರ, ಹುಟ್ಟಿದ ಗಳಿಗೆಯನ್ನು ಜಾತಕಕ್ಕೆ ಬರೆದಿಟ್ಟರೆ ಆಯಿತು. ಹಾಗಿರುವಾಗ ಹೆರಿಗೆ ಮನೆಯ ನರ್ಸುಗಳು ವರ್ಷಾನುಗಟ್ಟಲೆ, ಬೇಸರವಿಲ್ಲದೆ, ಪ್ರತಿ ಕೂಸನ್ನೂ ತೂಗಿ ಬರೆದರು. ಆ ಬರಹ ಅರುವತ್ತು ವರ್ಷದ ಮೇಲೆ ಯಾರಿಗೆ ಉಪಯೋಗಕ್ಕೆ ಬರುತ್ತದೆ ಅಂತ ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಆ ಶ್ರದ್ಧೆಯನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಇಂಥದ್ದೇ ಕಡತಗಳು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲೂ ಇದ್ದವು. 1911ರಿಂದ ಅಲ್ಲಿನ ದಾದಿಯರು ಮನೆಮನೆಗೆ ಹೋಗಿ, ಮಗುವಿನ ಹುಟ್ಟುತೂಕವನ್ನೂ ವರ್ಷ ತುಂಬಿದಾಗಿನ ತೂಕವನ್ನೂ ಬರೆಯುತ್ತಿದ್ದರು. ಆ ವ್ಯವಸ್ಥೆ ಕಟ್ಟಿದಾಕೆ ಮಾರ್ಗರೆಟ್ ಬರ್ನ್‌ಸೈಡ್ ಎಂಬ ದಾದಿ. ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿ ಆ ಕಡತಗಳನ್ನು ಹುಡುಕಿ ತೆಗೆದು, ಅದರಲ್ಲಿದ್ದ ಕೂಸುಗಳು ಮುಂದೆ ಏನಾದವು ಅಂತ ಪತ್ತೆ ಹಚ್ಚಿದರು. 1989ರಲ್ಲಿ ಪ್ರಕಟವಾದ ಅವರ ಲೆಕ್ಕ ವೈದ್ಯಲೋಕವನ್ನು ಅಲುಗಾಡಿಸಿತು. ಸಣ್ಣಗೆ ಹುಟ್ಟಿ, ವರ್ಷ ತುಂಬಿದಾಗಲೂ ಸಣ್ಣಗಿದ್ದ ಗಂಡುಮಕ್ಕಳು ಮುಂದೆ ಹೃದಯದ ಕಾಯಿಲೆಯಿಂದ ಸಾಯುವುದು ಹೆಚ್ಚು. ಸಿಗರೇಟು, ಕೊಬ್ಬು, ಚಿಂತೆ ಇವೇ ಹೃದಯದ ಶತ್ರುಗಳು ಅಂತ ನಂಬಿದ್ದ ಕಾಲದಲ್ಲಿ ಬಾರ್ಕರ್ ಬೆರಳು ತೋರಿಸಿದ್ದು ತಾಯಿಯ ಹೊಟ್ಟೆಯ ಕಡೆಗೆ.

ಅದು ಬಿಳಿಯರ ಊರಿನ ಮಾತು. ಸಣ್ಣ ಮಕ್ಕಳು ಹುಟ್ಟುವುದೇ ಮಾಮೂಲಾಗಿರುವ ನಮ್ಮಲ್ಲಿ ಹೇಗೆ? ಬಾರ್ಕರ್ ಜೊತೆಗಾರರಾಗಿದ್ದ ಕ್ಯಾರೊಲಿನ್ ಫಾಲ್ ಮತ್ತು ಮಿಷನ್ ಆಸ್ಪತ್ರೆಯ ವೈದ್ಯರು ಮೈಸೂರಿನ ಕಡತಗಳನ್ನು ಕೈಗೆತ್ತಿಕೊಂಡರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಅದೇ ಸುತ್ತಮುತ್ತ ಬದುಕಿದ್ದ 517 ಮಂದಿ ಸಿಕ್ಕರು. ಹುಟ್ಟಿದ ದಿನ ನಮ್ಮ ಮಕ್ಕಳಿಗೆ ಹೆಸರೇ ಇರುವುದಿಲ್ಲ, ಹನ್ನೊಂದಕ್ಕೋ ಹನ್ನೆರಡಕ್ಕೋ ತೊಟ್ಟಿಲಿಗೆ ಹಾಕಿದ ಮೇಲಷ್ಟೇ ಹೆಸರು. ಹೆಸರಿಲ್ಲದ ಆ ಕೂಸುಗಳು ಈಗ ನಲವತ್ತು, ಐವತ್ತು ದಾಟಿದ ಅಂಗಡಿಯವರು, ಗುಮಾಸ್ತರು, ಅಜ್ಜಿಯರು. 1996ರಲ್ಲಿ ಫಲಿತಾಂಶ ಹೊರಬಂತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಹುಟ್ಟುತೂಕವೂ ಕಡಿಮೆ, ತುಂಬು ಬಸಿರಿನಲ್ಲೂ ತಾಯಿಯ ತೂಕ 45 ಕೆಜಿ ಮುಟ್ಟಿರಲಿಲ್ಲ ಅನ್ನುವವರಲ್ಲಿ ನೂರಕ್ಕೆ 20.

ಇದನ್ನು ಓದಿದ ಯಾವ ಬಾಣಂತಿಗೂ ಎದೆ ಧಸಕ್ಕೆನ್ನುತ್ತದೆ. ನನ್ನ ಮಗಳಿಗೆ ನಾನು ಇದೇ ಅಂಕಿಯನ್ನು ತಿರುವಿ ಹೇಳಿದೆ. ಸಣ್ಣಗೆ ಹುಟ್ಟಿದ ನೂರರಲ್ಲಿ 89 ಮಂದಿಗೆ ಆ ಕಾಯಿಲೆ ಬಂದಿರಲಿಲ್ಲ. ಅವರೆಲ್ಲ ಹುಟ್ಟಿದ್ದು ಬರ, ಯುದ್ಧ, ರೇಷನ್ನಿನ ಕಾಲದಲ್ಲಿ. ಹೆರಿಗೆಯ ಮೇಲೆ ಹೆರಿಗೆಯಾಗಿ ಹೆಂಗಸರು ಸೋತುಹೋಗುತ್ತಿದ್ದ ಕಾಲ ಅದು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತ್ತು, ಜಗತ್ತಿನ ಬೇರೆ ಸರ್ಕಾರಗಳು ಆ ಮಾತೆತ್ತಲೂ ಹಿಂಜರಿಯುತ್ತಿದ್ದಾಗ. ಹುಟ್ಟುತೂಕ ಹಣೆಬರಹವಲ್ಲ. ಅಪಾಯ ಯಾವ ಕಡೆಯಿಂದ ಬರಬಹುದು ಅಂತ ಮೊದಲೇ ತಿಳಿಸಿದರೆ ಅಷ್ಟರ ಮಟ್ಟಿಗೆ ಅದು ನಮ್ಮ ಕೈಗೆ ಸಿಕ್ಕ ಬಲ.

ಆ ಕಡತದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗುವಿನ ಅಂಕಿಗಿಂತ ತಾಯಿಯ ಸೊಂಟದ ಅಳತೆ. ಯಾಕೆ ಅಳೆಯುತ್ತಿದ್ದರು? ಸೊಂಟ ಕಿರಿದಾಗಿದ್ದು ಮಗು ದಪ್ಪವಿದ್ದರೆ ಹೆರಿಗೆ ನಿಂತುಹೋಗುತ್ತದೆ, ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ. ಅದನ್ನು ಮೊದಲೇ ಊಹಿಸಲು ಆ ಅಳತೆ. ಅದೇ ಭಯ ನಮ್ಮ ಅಡುಗೆಮನೆಗಳಲ್ಲೂ ಇತ್ತು, ಬೇರೆ ರೂಪದಲ್ಲಿ. "ಜಾಸ್ತಿ ತಿನ್ನಬೇಡ, ಮಗು ದಪ್ಪ ಆದ್ರೆ ಹೆರೋಕೆ ಕಷ್ಟ" ಅನ್ನುವ ಮಾತನ್ನು ನನ್ನ ಅಜ್ಜಿ ನನ್ನ ಅಮ್ಮನಿಗೆ ಹೇಳಿದ್ದರು. 1992ರಲ್ಲಿ ನಾನು ಬಸುರಿಯಾಗಿದ್ದಾಗ ನನಗೂ ಯಾರೋ ಹೇಳಿದರು. ಹೊಟ್ಟೆ ಕೊಯ್ದು ಮಗು ತೆಗೆಯುವ ಅನುಕೂಲ ಇಲ್ಲದ ಕಾಲದಲ್ಲಿ ಆ ಮಾತು ಹುಟ್ಟಿದ್ದರಲ್ಲಿ ತಪ್ಪಿಲ್ಲ, ಅದು ಕಂಡುಂಡವರ ಮಾತು. ಕಾಲ ಬದಲಾದರೂ ಮಾತು ಮಾತ್ರ ಅಡುಗೆಮನೆಯಲ್ಲೇ ಉಳಿದುಕೊಂಡಿತು.

ಸಣ್ಣಗೆ ಹುಟ್ಟಿದ ದೇಹದೊಳಗೆ ಏನು ಕಡಿಮೆಯಾಗಿರುತ್ತದೆ? ಹೊಟ್ಟೆಯೊಳಗಿನ ಕೂಸಿಗೆ ಆಹಾರ ಸಾಲದಿದ್ದಾಗ ಅದು ಮನೆ ನಡೆಸುವ ಹೆಂಗಸಿನ ಹಾಗೇ ಮಾಡುತ್ತದೆ. ಇರುವುದರಲ್ಲಿ ಮುಖ್ಯವಾದವರಿಗೆ ಮೊದಲು ಬಡಿಸುತ್ತದೆ. ಮಿದುಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಸ್ನಾಯು ಇವು ಉಳಿದುದರಲ್ಲಿ ತೃಪ್ತಿಪಡಬೇಕು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪುಟ್ಟ ಜರಡಿಗಳಿವೆ. ಒಂದೊಂದು ಮೂತ್ರಪಿಂಡದಲ್ಲೂ ಸರಾಸರಿ ಹತ್ತು ಲಕ್ಷದ ಆಸುಪಾಸು. ಅವು ತಯಾರಾಗುವುದು ಬಸಿರಿನ 36ನೇ ವಾರದ ಹೊತ್ತಿಗೆ ಮುಗಿದುಹೋಗುತ್ತದೆ. ಆಮೇಲೆ ಎಷ್ಟು ತುಪ್ಪ ತಿನ್ನಿಸಿದರೂ ಒಂದು ಜರಡಿಯೂ ಹೊಸದಾಗಿ ಸೇರುವುದಿಲ್ಲ. ಕಡಿಮೆ ಜರಡಿಗಳು ಜೀವನಪೂರ್ತಿ ಹೆಚ್ಚು ಕೆಲಸ ಮಾಡಬೇಕಾಗುತ್ತದೆ, ಮುಂದೆ ರಕ್ತದ ಒತ್ತಡ ಏರಲು ಇದೂ ಒಂದು ದಾರಿ ಅನ್ನುತ್ತಾರೆ. ಮಿದುಳನ್ನು ಉಳಿಸಿಕೊಳ್ಳಲು ಕೂಸು ಮಾಡಿಕೊಂಡ ಈ ಏರ್ಪಾಡು ನನಗೆ ಕಡಿಮೆಯಾಗಿ ಕಾಣುವುದಿಲ್ಲ. ಅಷ್ಟು ಪುಟ್ಟ ಜೀವ ಅಷ್ಟು ಜಾಣತನದಿಂದ ಬದುಕನ್ನು ಗೆದ್ದು ಬಂದಿರುತ್ತದೆ.

ಅಜ್ಜಿಯ ಪಾಲೂ ಇದರಲ್ಲಿದೆ, ಅದು ಇನ್ನೂ ವಿಸ್ಮಯದ್ದು. ಹೆಣ್ಣುಮಗುವಿನ ಅಂಡಾಶಯದಲ್ಲಿ ಅವಳ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾಗುವಷ್ಟರಲ್ಲಿ ಅವುಗಳ ಸಂಖ್ಯೆ ಅರುವತ್ತು ಎಪ್ಪತ್ತು ಲಕ್ಷಕ್ಕೆ ಏರಿ, ಹುಟ್ಟುವ ಹೊತ್ತಿಗೆ ಹತ್ತಿಪ್ಪತ್ತು ಲಕ್ಷಕ್ಕೆ ಇಳಿಯುತ್ತದೆ. ಅಂದರೆ ಈಗ ತೊಟ್ಟಿಲಲ್ಲಿ ಮಲಗಿರುವ ನನ್ನ ಮೊಮ್ಮಗಳು ಹುಟ್ಟಿಬಂದ ಅಂಡ ರೂಪುಗೊಂಡಿದ್ದು 1992ರಲ್ಲಿ, ನನ್ನ ಹೊಟ್ಟೆಯೊಳಗೆ, ನನ್ನ ಮಗಳ ಒಳಗೆ. ಆ ವರ್ಷ ನಾನು ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಓಡುತ್ತಿದ್ದೆ. ಎಲ್ಲರಿಗೂ ಡಬ್ಬಿ ಕಟ್ಟಿ, ನನ್ನದನ್ನು ಅಡುಗೆಕಟ್ಟೆಯ ಮೇಲೆ ಮರೆತುಹೋದ ದಿನಗಳು ಎಷ್ಟೋ. ಶಾಲೆಯಲ್ಲಿ ಎರಡು ಬನ್ನು, ಒಂದು ಕಾಫಿಯಲ್ಲಿ ಮಧ್ಯಾಹ್ನ ದಾಟಿಸುತ್ತಿದ್ದೆ. ಆ ಊಟಕ್ಕೂ ಈ ತೂಕಕ್ಕೂ ನೇರ ಗೆರೆ ಎಳೆಯಲು ಯಾವ ವಿಜ್ಞಾನಿಯೂ ಒಪ್ಪಲಿಕ್ಕಿಲ್ಲ. ಆದರೂ ತಾಯಿಯ ಮೈಕಟ್ಟು ಕೂಸಿನ ತೂಕವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ ಅನ್ನುವುದು ನಿಜ. ತಾಯಿಯ ಮೈಕಟ್ಟು ಬೆಳೆದದ್ದು ಅವಳ ತಾಯಿಯ ಮನೆಯ ಅನ್ನದಲ್ಲಿ. ನನ್ನ ಮಗಳು ಮದುವೆ ಹೊತ್ತಿಗೆ 44 ಕೆಜಿ ಇದ್ದಳು. ತೆಳ್ಳಗೆ ಬಳ್ಳಿ ಹಾಗಿದ್ದಾಳೆ ಅಂತ ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ.

ಮೈಸೂರಿನ ಕಡತ ಇನ್ನೊಂದು ಗಂಟನ್ನೂ ಬಿಚ್ಚಿತು. ಅದೇ ಜನರಲ್ಲಿ ಸಕ್ಕರೆ ಕಾಯಿಲೆಯನ್ನು ಹುಡುಕಿದಾಗ ಕಥೆ ತಲೆಕೆಳಗಾಯಿತು. 1998ರಲ್ಲಿ ಬಂದ ವರದಿಯಂತೆ ಸಕ್ಕರೆ ಕಾಯಿಲೆ ಹೆಚ್ಚಿದ್ದುದು ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಲ್ಲಿ, ಸರಾಸರಿಗಿಂತ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಕಡತದಲ್ಲಿ ಅದಕ್ಕೆ ಉತ್ತರವಿಲ್ಲ, ಆ ಕಾಲದಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ಅದಕ್ಕಾಗಿ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ಶುರುವಾಯಿತು. ಪಾರ್ಥೆನಾನ್ ಅಂತ ಅದರ ಹೆಸರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಬಸುರಿಯರ ರಕ್ತ ಪರೀಕ್ಷಿಸಿದರು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಕರೆಸಿ ಅಳೆದರು. ನೂರಕ್ಕೆ 6.2 ತಾಯಂದಿರಲ್ಲಿ ಬಸಿರಿನ ಸಕ್ಕರೆ ಕಂಡಿತು. ಒಂಬತ್ತೂವರೆ ವರ್ಷದ ಹೊತ್ತಿಗೆ ಅವರ ಮಕ್ಕಳ ಮೈಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಆ ಅಧ್ಯಯನದಲ್ಲಿ ಹುಟ್ಟಿದ ಕೂಸುಗಳ ಬೆನ್ನಿನ ರೆಕ್ಕೆಮೂಳೆಯ ಕೆಳಗೆ ಚರ್ಮವನ್ನು ಮೆಲ್ಲಗೆ ಚಿವುಟಿ ಹಿಡಿದು ಅದರ ದಪ್ಪವನ್ನು ಅಳೆದಿದ್ದರು. ಮೈಸೂರಿನ ಕೂಸು ಇಂಗ್ಲೆಂಡಿನ ಕೂಸಿಗಿಂತ ತೂಕದಲ್ಲಿ ಕಡಿಮೆ, ಉದ್ದದಲ್ಲಿ ಕಡಿಮೆ, ತೋಳಿನ ಸುತ್ತಳತೆಯಲ್ಲಿ ಕಡಿಮೆ. ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಹೆಚ್ಚುಕಡಿಮೆ ಸರಿಸಮ. ಪುಣೆಯಲ್ಲಿ ಡಾ. ಸಿ.ಎಸ್. ಯಾಜ್ಞಿಕ್ ಕಂಡದ್ದೂ ಇದನ್ನೇ. ಅಲ್ಲಿನ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನದು 3.5. ನೋಡಲು ಕಡ್ಡಿಯಂತಿರುವ ನಮ್ಮ ಕೂಸು ಸ್ನಾಯುವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಕಾಪಾಡಿಕೊಂಡು ಬಂದಿರುತ್ತದೆ.

ಇದು ಗೊತ್ತಾದ ಮೇಲೆ ನಮ್ಮ ಬೀದಿಯ ಒಂದು ಆಸೆಯ ಬಗ್ಗೆ ನನಗೆ ಯೋಚನೆ ಹತ್ತಿತು. ಸಣ್ಣಗೆ ಹುಟ್ಟಿದ ಮಗುವನ್ನು ಬೇಗ ಗುಂಡಗೆ ಮಾಡಬೇಕು ಅನ್ನುವ ಆಸೆ. ಎದುರು ಮನೆಯ ಅಜ್ಜಿ ದಿನಾ ಬಂದು, "ಕೆನ್ನೆ ಇನ್ನೂ ತುಂಬಿಲ್ಲವಲ್ಲೇ, ಸ್ವಲ್ಪ ಮೇಲುಹಾಲು ಹಾಕಿ" ಅನ್ನುತ್ತಾರೆ. ಅವರ ಪ್ರೀತಿಗೆ ಎರಡು ಮಾತಿಲ್ಲ. ಆದರೆ ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವ ತನಕ ಹಿಂಬಾಲಿಸಿದ ಒಂದು ಅಧ್ಯಯನವಿದೆ. 2004ರಲ್ಲಿ ಪ್ರಕಟವಾದ ಆ ವರದಿಯಲ್ಲಿ 1,492 ಮಂದಿಯ ಲೆಕ್ಕವಿದೆ. ಮೂವತ್ತರ ಆಸುಪಾಸಿಗೇ ಸಕ್ಕರೆ ಕಾಯಿಲೆಗೋ ಅದರ ಹೊಸ್ತಿಲಿಗೋ ಬಂದವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ತಮ್ಮ ಜೊತೆಯವರಿಗಿಂತ ವೇಗವಾಗಿ ಮೈ ತುಂಬಿಕೊಂಡವರು. ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನ ಮಕ್ಕಳಾಗಿರಲಿಲ್ಲ. ಯಾವ ತಾಯಿಗೂ ಅನುಮಾನ ಬಂದಿರಲಾರದು. ಮಗು ಈಗ ಮೈಕೈ ತುಂಬಿಕೊಂಡಿದೆ ಅಂತ ಖುಷಿಪಟ್ಟಿರುತ್ತಾರೆ.

ಹಾಗಂತ ಮೊದಲ ಎರಡು ವರ್ಷ ಬೆಳೆಯುವುದನ್ನು ತಡೆಯಬಾರದು. ಉದ್ದ ಬೆಳೆಯುವುದು, ಸ್ನಾಯು ಬೆಳೆಯುವುದು, ಮಿದುಳು ಬೆಳೆಯುವುದು ಆಗಲೇ. ತಾಯಿ ಕಾರ್ಡಿನಲ್ಲಿ ಒಂದು ಬೆಳವಣಿಗೆಯ ನಕ್ಷೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಮಕ್ಕಳೂ ಸೇರಿದಂತೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಕೊಟ್ಟ ಗೆರೆಗಳು ಅವು. ಹೆಣ್ಣುಮಗುವಿನ ನಡುಗೆರೆ ಹುಟ್ಟುವಾಗ 3.2 ಕೆಜಿಯಲ್ಲಿ ಶುರುವಾಗಿ ವರ್ಷಕ್ಕೆ 8.9 ಮುಟ್ಟುತ್ತದೆ. ಕೆಳಗಿನ ಎಚ್ಚರಿಕೆಯ ಗೆರೆ 2.4ರಲ್ಲಿ ಶುರುವಾಗಿ ವರ್ಷಕ್ಕೆ 7. ನನ್ನ ಮೊಮ್ಮಗಳ ಮೊದಲ ಚುಕ್ಕೆ ಕೆಳಗೆರೆಯ ಮೇಲೇ ಕೂತಿದೆ. ವರ್ಷಕ್ಕೆ ಮಗು ಹುಟ್ಟುತೂಕದ ಮೂರರಷ್ಟು ಆಗಬೇಕು ಅನ್ನುವ ಹಳೇ ಲೆಕ್ಕ ಹಿಡಿದರೆ ಇವಳು 7.2 ಆದರೂ ಅವಳ ದಾರಿಯಲ್ಲಿ ಅವಳು ನಡೆದಂತೆಯೇ. ಪಕ್ಕದ ಬೀದಿಯ 3.4 ಕೆಜಿಯ ಹುಡುಗ ಹತ್ತು ದಾಟುತ್ತಾನೆ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಹೋಲಿಸಿದರೆ ಇವಳ ತಾಯಿ ಅಳುತ್ತಾಳೆ. ಹೋಲಿಸಬೇಕಾದದ್ದು ಇವಳ ಈ ತಿಂಗಳ ಚುಕ್ಕೆಯನ್ನು ಇವಳದೇ ಹೋದ ತಿಂಗಳ ಚುಕ್ಕೆಗೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ. ಆಮೇಲೆ ರಾಗಿ ಸರಿ, ಬೇಳೆಕಟ್ಟು, ಮೆತ್ತಗೆ ಹಿಸುಕಿದ ಬಾಳೆಹಣ್ಣು. ಮೇಲುಹಾಲಿನ ಡಬ್ಬಿಗೆ ನಾನು ಒಪ್ಪಲಿಲ್ಲ.

ನಾನು ಜಗಳಕ್ಕೇ ನಿಂತಿದ್ದು ಬಾಣಂತಿ ಪಥ್ಯದ ವಿಷಯಕ್ಕೆ, ಅದೂ ನನ್ನ ಅಮ್ಮನ ಜೊತೆ. ಮೆಣಸಿನ ಸಾರು, ಬಾಣಂತಿ ಖಾರ, ತುಪ್ಪ, ಅಂಟಿನುಂಡೆ, ಬಿಸಿ ಬಿಸಿ ಅನ್ನ. ಇವೆಲ್ಲ ಚೆನ್ನ, ಅಮ್ಮನ ಕೈಯ ಮೆಣಸಿನ ಸಾರಿಗಂತೂ ಸಾಟಿಯಿಲ್ಲ. ಆದರೆ ಮೊಸರು ಕೂಡದು, ಶೀತ. ಸೊಪ್ಪು ಕೂಡದು, ಮಗುವಿಗೆ ಭೇದಿ. ನೀರು ಜಾಸ್ತಿ ಕುಡಿಯಕೂಡದು, ಹೊಟ್ಟೆ ಬರುತ್ತೆ. ಪಾರ್ಥೆನಾನ್ ಅಧ್ಯಯನದಲ್ಲಿ ಮೈಸೂರಿನ ಬಸುರಿಯರ ರಕ್ತದಲ್ಲಿ ಬಿ12 ಜೀವಸತ್ವ ಎಷ್ಟಿದೆ ಅಂತ ನೋಡಿದ್ದರು. ನೂರಕ್ಕೆ 43 ಮಂದಿಯಲ್ಲಿ ಕೊರತೆ. ಫೋಲೇಟ್ ಕೊರತೆ ಇದ್ದವರು ನೂರಕ್ಕೆ 4 ಮಾತ್ರ, ಸೊಪ್ಪು ಬೇಳೆ ತಿನ್ನುವ ಊರು ನಮ್ಮದು. ಡಿ ಜೀವಸತ್ವದ ಕೊರತೆ ನೂರಕ್ಕೆ 66, ಇಷ್ಟು ಬಿಸಿಲಿರುವ ಊರಿನಲ್ಲಿ. ಬಿ12 ಗಿಡಮರಗಳಲ್ಲಿ ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಯಲ್ಲಿ ಅದಕ್ಕಿರುವ ಮೂಲ ಹಾಲು ಮೊಸರು ಮಜ್ಜಿಗೆ ಅಷ್ಟೇ. ಮೂರು ತಿಂಗಳು ಮೊಸರು ನಿಲ್ಲಿಸಿದರೆ ಆ ಸಣ್ಣ ದಾರಿಯನ್ನೂ ಮುಚ್ಚಿದಂತೆ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಅವಳ ಹಾಲಿನಲ್ಲೂ ಇರುವುದಿಲ್ಲ. ಬರೀ ಎದೆಹಾಲು ಕುಡಿಯುವ ಕೂಸಿಗೆ ಆ ಕೊರತೆ ಹೆಚ್ಚಾದರೆ ಕಲಿತ ನಗುವನ್ನೂ ಮರೆತು ಮಂಕಾಗುವುದುಂಟು, ಕೈಕಾಲು ನಡುಗುವುದುಂಟು.

ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳಲಿ? ಅವರು ಮೂರು ಜನರ ಬಾಣಂತನ ಮಾಡಿ ಉಳಿಸಿದವರು. "ಅಮ್ಮ, ಕೂಸಿಗೆ ರಕ್ತ ಆಗೋ ಒಂದು ಅಂಶ ನಮ್ಮಂಥ ಮನೇಲಿ ಮೊಸರಲ್ಲೇ ಇರೋದು" ಅಂದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳ ತಟ್ಟೆಗೆ ತಾವೇ ಮೊಸರು ಬಡಿಸಿದರು, ಮೇಲೆ ಚಿಟಿಕೆ ಶುಂಠಿ ಪುಡಿ ಉದುರಿಸಿ. ಶೀತಕ್ಕೂ ಆಯಿತು, ರಕ್ತಕ್ಕೂ ಆಯಿತು. ನಾನು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ, ಮಾತ್ರೆಯನ್ನೂ ಶುರು ಮಾಡಿಸಿದೆ, ಯಾಕೆಂದರೆ ಕೊರತೆ ಆಳವಾಗಿದ್ದರೆ ಮೊಸರೊಂದೇ ಸಾಲದು.

ಮುಂಬೈಯಲ್ಲಿ ನಡೆದ ಒಂದು ಪ್ರಯೋಗವನ್ನೂ ಇಲ್ಲಿ ಹೇಳಬೇಕು. ಕೊಳೆಗೇರಿಗಳ ಬಡ ಹೆಂಗಸರಿಗೆ ಬಸುರಿಯಾಗುವ ಮೊದಲಿಂದಲೇ ದಿನಾ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿ ಕೊಟ್ಟರು. ಬಸಿರು ನಿಲ್ಲುವುದಕ್ಕೆ ಮೂರು ತಿಂಗಳು ಮೊದಲಾದರೂ ತಿಂದವರ ಕೂಸುಗಳ ತೂಕ 48 ಗ್ರಾಂ ಹೆಚ್ಚಾಯಿತು. ಕೇಳಲು ಅದು ಒಂದು ಮುಷ್ಟಿ ಅವಲಕ್ಕಿಯಷ್ಟು. ದೊಡ್ಡ ಗುಣ ಕಂಡಿದ್ದು ತಾಯಿಯಲ್ಲಿ: ಈ ತಿಂಡಿ ಸಿಗದವರಲ್ಲಿ ಬಸಿರಿನ ಸಕ್ಕರೆ ನೂರಕ್ಕೆ 12.4 ಇದ್ದರೆ, ತಿಂದವರಲ್ಲಿ 7.3 ಅಷ್ಟೇ. ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ 2017ರಿಂದ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಹಾಕುತ್ತಿದೆ. ಒಳ್ಳೆಯ ಕೆಲಸ, ಗೌರವದ ಕೆಲಸ. ಮೂತ್ರಪಿಂಡದ ಜರಡಿಗಳನ್ನೂ ಅಂಡಗಳನ್ನೂ ನೆನೆದರೆ ಆ ಎಲೆ ಇನ್ನೂ ಮೊದಲೇ ಬೀಳಬೇಕಿತ್ತು ಅನ್ನಿಸುತ್ತದೆ, ಹದಿನಾರರ ಹುಡುಗಿಯ ಮುಂದೆ. ಡಯಟ್ ಅಂತ ರಾತ್ರಿ ಊಟ ಬಿಡುವ, ಕಾಲೇಜಿಗೆ ತಡವಾಯಿತು ಅಂತ ಬೆಳಗಿನ ತಿಂಡಿ ಬಿಡುವ ನಮ್ಮ ಹುಡುಗಿಯರ ಮುಂದೆ.

ಮೊಮ್ಮಗಳಿಗೆ ಈಗ ಮೂರು ತಿಂಗಳು. ಬೆಳಿಗ್ಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ ಅವಳ ತೊಡೆಯಲ್ಲಿ ಎರಡು ಮಡಿಕೆ ಬಂದಿರುವುದು ಕಾಣುತ್ತದೆ. ಸಾಂಬ್ರಾಣಿ ಹೊಗೆಯನ್ನು ದೂರದಿಂದಲೇ ಬಟ್ಟೆಗೆ ಹಿಡಿಸುತ್ತೇವೆ, ಮೂಗಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದ್ದೇವೆ. ಎದುರು ಮನೆಯ ಅಜ್ಜಿ ಗಲ್ಲಕ್ಕೆ ದೃಷ್ಟಿಬೊಟ್ಟು ಇಟ್ಟೇ ಹೋಗುತ್ತಾರೆ. ತಕ್ಕಡಿಯನ್ನು ಅಟ್ಟಕ್ಕೆ ಹಾಕಿದೆ, ತಿಂಗಳಿಗೊಮ್ಮೆ ಇಳಿಸಿದರೆ ಸಾಕು.

ಮೊನ್ನೆ ಮಧ್ಯಾಹ್ನ ಮಗಳೂ ಕೂಸೂ ಮಲಗಿದ್ದರು. ನಾನು ಹುಟ್ಟಿದ್ದು 1961ರಲ್ಲಿ, ಮನೆಯಲ್ಲೇ. ನನ್ನ ಹುಟ್ಟುತೂಕ ಯಾವ ಕಡತದಲ್ಲೂ ಇಲ್ಲ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ನಾನು ಹೊಟ್ಟೇಲಿದ್ದಾಗ ನೀನು ಏನು ತಿಂತಿದ್ದೆ?" ಅಂತ ಕೇಳಿದೆ. ಅರುವತ್ತು ವರ್ಷದಲ್ಲಿ ನಾನು ಇದನ್ನು ಕೇಳಿದ್ದು ಅದೇ ಮೊದಲು.

"ಏನು ತಿಂತಿದ್ದೆ ಅಂದ್ರೆ? ಗಂಡಸರದ್ದು ಆಗಿ, ಮಕ್ಕಳದ್ದು ಆಗಿ, ಅತ್ತೆಯವರದ್ದು ಆಗಿ, ಪಾತ್ರೇಲಿ ಏನು ಉಳಿದಿರತ್ತೋ ಅದು. ಸಾರಿನ ತಿಳಿ ಇರ್ತಿತ್ತು, ಹೋಳು ಇರ್ತಿರ್ಲಿಲ್ಲ." ಕೈಯಲ್ಲಿದ್ದ ದಂಟನ್ನು ಮುರಿದು ಒಂದು ಕಡೆ ಇಟ್ಟರು. ಆಮೇಲೆ ದನಿ ತಗ್ಗಿಸಿದರು, ಮನೆಯಲ್ಲಿ ಇನ್ನೂ ಅವರ ಅತ್ತೆ ಇದ್ದಾರೇನೋ ಅನ್ನುವ ಹಾಗೆ. "ಏಳನೇ ತಿಂಗಳಲ್ಲಿ ಒಂದಿನ ಹಾಲಿನ ಕೆನೆ ತಿಂದಿದ್ದೆ ಕಣೇ. ಉಗ್ರಾಣದ ಬಾಗಿಲ ಹಿಂದೆ ನಿಂತ್ಕೊಂಡು, ಒಂದು ಬಟ್ಟಲು ಪೂರ್ತಿ. ನನಗೇನು ಆಸೆ ಇರ್ಲಿಲ್ಲ. ನೀನು ಒಳಗೆ ಒದೀತಿದ್ದೆ."